ಪಟ್ಟಿಯಲ್ಲಿ ಬಿಟ್ಟುಹೋದ ಹೆಸರು

ನಮ್ಮ ಮನೆಯಲ್ಲಿ ಒಂದು ತಗಡಿನ ಪೆಟ್ಟಿಗೆ ಇದೆ. ಅವ್ವ ಮದುವೆಯಾಗಿ ಬಂದಾಗ ತವರಿನಿಂದ ತಂದದ್ದು. ಸೀರೆ ಒಡವೆಗಳಿಗೆಂದು ಬಂದ ಆ ಪೆಟ್ಟಿಗೆಯಲ್ಲಿ ಈಗ ಇರುವುದು ಬರಿಯ ಕಾಗದಗಳು: ಪಹಣಿಯ ನಕಲು, ರೇಷನ್ ಕಾರ್ಡು, ಅಕ್ಕನ ಲಗ್ನಪತ್ರಿಕೆ, ನನ್ನ ಎಸ್.ಎಸ್.ಎಲ್.ಸಿ. ಅಂಕಪಟ್ಟಿ, ಮತ್ತು ರಬ್ಬರ್ ಬ್ಯಾಂಡು ಹಾಕಿ ಸುತ್ತಿಟ್ಟ ಅವ್ವನ ಸಂಬಳದ ಚೀಟಿಗಳು. ನಮ್ಮ ವಂಶದಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವನು ನಾನೇ ಮೊದಲಿಗ. ಆದುದರಿಂದ ಆ ಪೆಟ್ಟಿಗೆಯ ಕಾಗದಗಳನ್ನು ಓದಿ ಹೇಳಬೇಕಾದ ಹೊಣೆ ನನ್ನದು. ಆ ಹೊಣೆಯನ್ನು ನಾನು ಬಹುಕಾಲ ಹೊರಲಿಲ್ಲ ಎಂಬುದನ್ನು ಮೊದಲೇ ಒಪ್ಪಿಕೊಂಡುಬಿಡುತ್ತೇನೆ. ಈ ಪ್ರಬಂಧ ಹುಟ್ಟಿದ್ದೇ ಆ ತಪ್ಪಿನಿಂದ.

ಅವ್ವ ಹೆದ್ದಾರಿಯ ಬದಿಯ ಒಂದು ಸಿದ್ಧ ಉಡುಪಿನ ಕಾರ್ಖಾನೆಯಲ್ಲಿ ಹೊಲಿಗೆ ಕೆಲಸಕ್ಕೆ ಹೋಗುತ್ತಾಳೆ. ಬೆಳಗ್ಗೆ ಏಳು ಗಂಟೆಗೆ ಊರ ಬಾಗಿಲಿಗೆ ವ್ಯಾನು ಬರುತ್ತದೆ. ಸಂಜೆ ಏಳಕ್ಕೆ ಅದೇ ವ್ಯಾನು ತಂದು ಇಳಿಸುತ್ತದೆ. ತಿಂಗಳಿಗೆ 12,400 ರೂಪಾಯಿ ಸಂಬಳ. ಚೀಟಿಯಲ್ಲಿ ಕಡಿತಗಳ ಸಾಲಿನಲ್ಲಿ ಭವಿಷ್ಯನಿಧಿಯ ಕೆಳಗೆ ‘ಇ.ಎಸ್.ಐ. 93’ ಎಂದು ಒಂದು ಸಣ್ಣ ಅಂಕಿ ಇರುತ್ತಿತ್ತು. ಒಮ್ಮೆ ನಾನು ಅದೇನೆಂದು ಕೇಳಿದೆ.

“ಅದ್ ಸರ್ಕಾರದೋರು ಹಿಡ್ಕತರೆ ಕಣಪ್ಪ, ಏನಕ್ಕೋ,” ಎಂದಳು ಅವ್ವ. “ಒಂದು ಕಾಗದ್ವೂ ಕೊಟ್ಟವ್ರೆ. ಪೆಟ್ಟಿಗೇಲಿ ಮಡಗಿವ್ನಿ.”

ನಾನು ಅಷ್ಟಕ್ಕೇ ಸುಮ್ಮನಾದೆ. ಆಗ ನಾನು ಮೊದಲನೆಯ ವರ್ಷದ ಬಿ.ಎ. ತರಗತಿಯಲ್ಲಿ ಬೇಡಿಕೆಯ ರೇಖೆ ಯಾವ ಕಡೆಗೆ ಇಳಿಯುತ್ತದೆಂಬುದನ್ನು ಬಾಯಿಪಾಠ ಮಾಡುತ್ತಿದ್ದೆ. ಮನೆಯ ಪೆಟ್ಟಿಗೆಯೊಳಗಿನ ತೊಂಬತ್ತಮೂರು ರೂಪಾಯಿ ಎಲ್ಲಿಗೆ ಇಳಿಯುತ್ತದೆಂದು ತಿಳಿಯುವ ವ್ಯವಧಾನ ನನಗಿರಲಿಲ್ಲ.

ಅದೇ ವರ್ಷದ ಮಳೆಗಾಲದಲ್ಲಿ ಅಪ್ಪನಿಗೆ ಹರ್ನಿಯಾ ಬಿಗಿದುಕೊಂಡು, ರಾತ್ರೋರಾತ್ರಿ ಆಟೋ ಮಾಡಿಕೊಂಡು ಪಟ್ಟಣಕ್ಕೆ ಓಡಿದೆವು. ಮೊದಲು ಬಾಗಿಲು ತೆರೆದದ್ದು ಒಂದು ಖಾಸಗಿ ನರ್ಸಿಂಗ್ ಹೋಮು. ಶಸ್ತ್ರಚಿಕಿತ್ಸೆಯಾಯಿತು, ಅಪ್ಪ ಉಳಿದ. ದೇವರು ದೊಡ್ಡವನು. ಆದರೆ ಬಿಲ್ಲೂ ದೊಡ್ಡದೇ ಆಗಿತ್ತು: 46,000 ರೂಪಾಯಿ. ಸ್ತ್ರೀಶಕ್ತಿ ಸಂಘದಲ್ಲಿ ಇಪ್ಪತ್ತು ಸಾವಿರ ಸಾಲ ತೆಗೆದೆವು. ಅವ್ವನ ಓಲೆ ಅಡವಿಟ್ಟು ಹದಿನೈದು ಸಾವಿರ ತಂದೆವು. ಉಳಿದ ಹನ್ನೊಂದು ಸಾವಿರವನ್ನು ಚಿಕ್ಕಪ್ಪ ಕೊಟ್ಟರು. ಆ ಓಲೆ ಇಂದಿಗೂ ಮನೆಗೆ ಮರಳಿಲ್ಲ.

ಆರು ತಿಂಗಳು ಕಳೆದ ಮೇಲೆ ಅವ್ವನ ಪಕ್ಕದ ಮಿಷಿನ್ನಿನವರೊಬ್ಬರು ತಮ್ಮ ಗಂಡನಿಗೆ ಇ.ಎಸ್.ಐ. ಲೆಕ್ಕದಲ್ಲಿ ಕಾಸು ಖರ್ಚಿಲ್ಲದೆ ಆಪರೇಷನ್ ಮಾಡಿಸಿಕೊಂಡು ಬಂದ ಸುದ್ದಿ ವ್ಯಾನಿನಲ್ಲಿ ಹಬ್ಬಿತು. ಆ ರಾತ್ರಿ ನಾನು ಪೆಟ್ಟಿಗೆ ತೆರೆದೆ. ಅವ್ವನ ಕಾಗದದಲ್ಲಿ ಅವ್ವನ ಹೆಸರಿತ್ತು, ವಿಮಾ ಸಂಖ್ಯೆ ಇತ್ತು. ಕುಟುಂಬದ ವಿವರ ಎಂಬ ಕಾಲಂ ಮಾತ್ರ ಖಾಲಿಯಾಗಿತ್ತು. ಮಾರನೆಯ ದಿನ ತರಗತಿ ತಪ್ಪಿಸಿ ಕಾರ್ಖಾನೆಯ ಕಚೇರಿಗೆ ಹೋದೆ. ಅಲ್ಲಿನ ಗುಮಾಸ್ತರು ಮುಖವೆತ್ತದೆ, “ಸೇರುವಾಗ ನಿಮ್ಮ ತಾಯಿ ಹೇಳಲಿಲ್ಲ. ನಾವೇನು ಮಾಡೋಕಾಗುತ್ತೆ?” ಎಂದರು.

“ಅವ್ರು ಕೇಳ್ನಿಲ್ಲ, ನಾನು ಹೇಳ್ನಿಲ್ಲ,” ಎಂದಳು ಅವ್ವ, ನಾನು ಬಂದು ಹೇಳಿದಾಗ. “ದೇವ್ರು ವರ ಕೊಟ್ರೂ ಪೂಜಾರಿ ವರ ಕೊಡ ಅನ್ನೋದು ಇದಕ್ಕೇ.”

ಆ ಗುಮಾಸ್ತರನ್ನು ನಾನು ಬಹಳ ದಿನ ಮನಸ್ಸಿನಲ್ಲೇ ಬಯ್ದೆ. ಆ ಬೈಗುಳವೆಲ್ಲ ಮುಂದೆ ನನ್ನ ತಲೆಯ ಮೇಲೆಯೇ ಬಂದು ಬಿದ್ದಿತು. ಅದನ್ನು ಹೇಳುವ ಮೊದಲು ಈ ತೊಂಬತ್ತಮೂರು ರೂಪಾಯಿಯ ಪೂರ್ವೋತ್ತರವನ್ನು ಸ್ವಲ್ಪ ತಿಳಿಸುವುದು ಅವಶ್ಯ.

ಕೆಲಸಗಾರನ ಕಾಯಿಲೆಗೆ ಮಾಲೀಕನೂ ಹಣ ಹಾಕಬೇಕೆಂಬುದು ಹಳೆಯ ವಿಚಾರವೇನಲ್ಲ. 1883ರಲ್ಲಿ ಜರ್ಮನಿಯಲ್ಲಿ ಬಿಸ್ಮಾರ್ಕನು ಇದನ್ನು ಕಾಯಿದೆಯಾಗಿ ಮಾಡಿದನು. ವಂತಿಗೆಯಲ್ಲಿ ಎರಡು ಪಾಲು ಕೆಲಸಗಾರನದು, ಒಂದು ಪಾಲು ಮಾಲೀಕನದು. ಇಂಗ್ಲೆಂಡಿನಲ್ಲಿ 1911ರ ಕಾಯಿದೆಯಂತೆ ವಾರಕ್ಕೆ ಕೆಲಸಗಾರನು ನಾಲ್ಕು ಪೆನ್ನಿ, ಮಾಲೀಕನು ಮೂರು, ಸರ್ಕಾರ ಎರಡು ಪೆನ್ನಿ ಹಾಕುವಂತಾಯಿತು. ನಾಲ್ಕು ಕೊಟ್ಟರೆ ಒಂಬತ್ತು ಸಿಕ್ಕುತ್ತದೆಂದು ಲಾಯ್ಡ್ ಜಾರ್ಜ್ ಜನರ ಮುಂದೆ ಸಾರಿದನು. ನಮ್ಮ ದೇಶದಲ್ಲಿ ಪ್ರೊಫೆಸರ್ ಬಿ.ಪಿ. ಅಡಾರ್ಕರ್ ಅವರು 1944ರಲ್ಲಿ ಕೊಟ್ಟ ವರದಿ ಇದಕ್ಕೆ ಬುನಾದಿ. ಅದರ ಫಲವಾಗಿ 1948ರಲ್ಲಿ ನೌಕರರ ರಾಜ್ಯ ವಿಮಾ ಕಾಯಿದೆ ಬಂದಿತು. 1952ರ ಫೆಬ್ರವರಿ 24ರಂದು ಕಾನ್ಪುರ ಮತ್ತು ದೆಹಲಿಗಳಲ್ಲಿ ಯೋಜನೆ ಮೊದಲಾಯಿತು.

2019ರ ಜುಲೈ ತಿಂಗಳಲ್ಲಿ ವಂತಿಗೆಯ ದರವನ್ನು ಇಳಿಸಿ, ಕೆಲಸಗಾರನಿಂದ ಸಂಬಳದ ನೂರಕ್ಕೆ ಮುಕ್ಕಾಲು ರೂಪಾಯಿ, ಮಾಲೀಕನಿಂದ ನೂರಕ್ಕೆ ಮೂರೂಕಾಲು ರೂಪಾಯಿ ಎಂದು ಗೊತ್ತುಮಾಡಿದರು. ಅವ್ವನ 12,400ಕ್ಕೆ ಅವಳದು 93 ರೂಪಾಯಿ, ಕಾರ್ಖಾನೆಯದು 403 ರೂಪಾಯಿ. ಇದಕ್ಕೆ ಪ್ರತಿಯಾಗಿ ಅವಳಿಗೆ ಮತ್ತು ಅವಳ ಕುಟುಂಬಕ್ಕೆ ಔಷಧೋಪಚಾರ ದೊರೆಯುತ್ತದೆ. ಅವಳಿಗೆ ಕಾಯಿಲೆಯಾಗಿ ವೈದ್ಯರು ರಜೆ ಬರೆದುಕೊಟ್ಟರೆ ಕೂಲಿಯ ನೂರಕ್ಕೆ ಎಪ್ಪತ್ತು ಭಾಗದಂತೆ ವರ್ಷಕ್ಕೆ 91 ದಿನಗಳವರೆಗೆ ಹಣವೂ ಉಂಟು. ಅದಕ್ಕೆ ಆರು ತಿಂಗಳ ವಂತಿಗೆಯ ಅವಧಿಯಲ್ಲಿ 78 ದಿನದ ವಂತಿಗೆ ಸಂದಿರಬೇಕು. ವಯಸ್ಸು ಹೆಚ್ಚೆಂದು ವಂತಿಗೆ ಹೆಚ್ಚುವುದಿಲ್ಲ. ಹಳೆಯ ಕಾಯಿಲೆಯೆಂದು ಹೊರಗಿಡುವುದಿಲ್ಲ. ಚಿಕುನ್‌ಗುನ್ಯಾ ಬಂದು ಅವ್ವ ಹದಿನೆಂಟು ದಿನ ಮಲಗಿದ್ದಾಗ ನಾವು ಸಂಬಳ ಹೋಯಿತೆಂದು ಮರುಗಿದೆವೇ ಹೊರತು ಒಂದು ಅರ್ಜಿಯನ್ನೂ ಬರೆಯಲಿಲ್ಲ.

ಇಷ್ಟೆಲ್ಲವನ್ನು ನಾನು ತಿಳಿದುಕೊಂಡದ್ದು ಪುಸ್ತಕದಿಂದಲ್ಲ. 2025ರ ಬೇಸಿಗೆ ರಜೆಯಲ್ಲಿ ನನಗೆ ಪಟ್ಟಣದ ಒಂದು ರಟ್ಟಿನ ಪೆಟ್ಟಿಗೆ ತಯಾರಿಸುವ ಕಾರ್ಖಾನೆಯಲ್ಲಿ ಎರಡು ತಿಂಗಳ ಮಟ್ಟಿಗೆ ಬರೆಯುವ ಕೆಲಸ ಸಿಕ್ಕಿತು. ಅಲ್ಲಿ ಲೆಕ್ಕ ಬರೆಯುವ ಹಿರಿಯರೊಬ್ಬರಿದ್ದರು. ಮೂವತ್ತು ವರ್ಷ ಸವೆದ ಕನ್ನಡಕ, ಕಿವಿಯ ಮೇಲೆ ಪೆನ್ನು. ಎಲ್ಲರೂ ಅವರನ್ನು ಲೆಕ್ಕದ ಮೇಷ್ಟ್ರು ಎಂದೇ ಕರೆಯುತ್ತಿದ್ದರು. ಅವರೇ ನನ್ನ ನಿಜವಾದ ಗುರುಗಳು. ನಮ್ಮ ಅಧ್ಯಾಪಕ ವರ್ಗದವರು ಈ ಮಾತಿಗೆ ಮುನಿಯಲಾರರೆಂದು ನಂಬಿದ್ದೇನೆ.

ಆ ಕಾರ್ಖಾನೆಯ ಹಾಜರಿ ಪುಸ್ತಕದಲ್ಲಿ ಮೂವತ್ತೇಳು ಹೆಸರುಗಳಿದ್ದವು. ಅವರಲ್ಲಿ ಇಪ್ಪತ್ತೈದು ಮಂದಿ ಇ.ಎಸ್.ಐ.ಗೆ ಸೇರಿದವರು. ಉಳಿದ ಹನ್ನೆರಡು ಮಂದಿ, ಅಂದರೆ ದೊಡ್ಡ ಯಂತ್ರ ನಡೆಸುವವರು, ಲಾರಿ ಚಾಲಕರು, ಮೇಸ್ತ್ರಿಗಳು, ಸ್ವತಃ ಲೆಕ್ಕದ ಮೇಷ್ಟ್ರು, ಅದರಿಂದ ಹೊರಗಿನವರು. ಏಕೆಂದರೆ 2017ರ ಜನವರಿಯಿಂದ ಇ.ಎಸ್.ಐ.ಗೆ ತಿಂಗಳಿಗೆ 21,000 ರೂಪಾಯಿ ಸಂಬಳದ ಗಡಿ ಹಾಕಿದ್ದರು. ಅದಕ್ಕಿಂತ ಒಂದು ರೂಪಾಯಿ ಹೆಚ್ಚು ಬಂದರೂ ಮನುಷ್ಯ ಆಚೆಗೆ. ನನಗೆ ಒಪ್ಪಿಸಿದ ಕೆಲಸ ಎರಡು ಪಟ್ಟಿಗಳು. ಒಂದು, ಇಪ್ಪತ್ತೈದು ಮಂದಿಯ ಕುಟುಂಬದ ವಿವರ ಸರಿಯಾಗಿದೆಯೇ ಎಂದು ನೋಡಿ ತಿದ್ದುವುದು. ಎರಡು, ಹನ್ನೆರಡು ಮಂದಿಗೆ ಕಾರ್ಖಾನೆಯ ವತಿಯಿಂದ ಕೊಳ್ಳಬೇಕಾಗಿದ್ದ ಗುಂಪು ಆರೋಗ್ಯ ವಿಮೆಗೆ ಹೆಸರು, ವಯಸ್ಸು ಬರೆದುಕೊಡುವುದು.

ಮೊದಲನೆಯ ಪಟ್ಟಿಯನ್ನು ನಾನು ಭಕ್ತಿಯಿಂದ ಮಾಡಿದೆ. ಒಬ್ಬೊಬ್ಬರನ್ನೂ ಕರೆದು ಹೆಂಡತಿ ಯಾರು, ಮಕ್ಕಳೆಷ್ಟು, ತಂದೆತಾಯಿ ನಿಮ್ಮ ಮೇಲೆ ನಿಂತಿದ್ದಾರೆಯೇ ಎಂದು ಕೇಳಿ ಬರೆದುಕೊಂಡೆ. ಇಪ್ಪತ್ತೈದರಲ್ಲಿ ಒಂಬತ್ತು ಮಂದಿಯ ಕುಟುಂಬದ ಕಾಲಂ ಅವ್ವನದರಂತೆಯೇ ಖಾಲಿಯಾಗಿತ್ತು. ಒಂದು ಕಡೆ ಆಧಾರಿನ ಹೆಸರಿಗೂ ಪುಸ್ತಕದ ಹೆಸರಿಗೂ ಒಂದು ಅಕ್ಷರ ವ್ಯತ್ಯಾಸ; ಇನ್ನೊಂದು ಕಡೆ ಮೂರು ವರ್ಷದ ಮಗು ಹುಟ್ಟಿಯೇ ಇಲ್ಲವೆಂಬಂತೆ ಕಾಗದದಲ್ಲಿ ನಾಪತ್ತೆ. ಇ.ಎಸ್.ಐ.ಯಲ್ಲಿ ಯಜಮಾನರಿಗೆ ಆಯ್ಕೆಯೆಂಬುದೇ ಇಲ್ಲ. ದರವೂ ಸೌಲಭ್ಯವೂ ಕಾಯಿದೆಯಲ್ಲೇ ಬರೆದಿವೆ. ಅವರ ಕಡೆಯಿಂದ ಬೇಕಾದದ್ದು ಸಕಾಲಕ್ಕೆ ಹಣ ಕಟ್ಟುವ ಪ್ರಾಮಾಣಿಕತೆ ಮತ್ತು ಸರಿಯಾಗಿ ಬರೆಯುವ ಒಬ್ಬ ಗುಮಾಸ್ತ. ಅಷ್ಟು ತಪ್ಪಿದರೆ ಕಾನ್ಪುರದಿಂದ ಹೊರಟ ಯೋಜನೆ ನಮ್ಮ ಮನೆಯ ಪೆಟ್ಟಿಗೆಯಲ್ಲಿ ಬಂದು ಮಲಗುತ್ತದೆ.

ಎರಡನೆಯ ಪಟ್ಟಿಯ ಕಥೆ ಬೇರೆ. ಅಲ್ಲಿ ಎಲ್ಲವೂ ಆಯ್ಕೆಯೇ. ವಿಮಾ ಏಜೆಂಟರು ಒಂದು ಮಧ್ಯಾಹ್ನ ಮೂರು ದರಪಟ್ಟಿಗಳನ್ನು ಮೇಜಿನ ಮೇಲೆ ಹರಡಿದರು. ಮೊದಲನೆಯದು ವರ್ಷಕ್ಕೆ 42,000 ರೂಪಾಯಿ: ತಲೆಗೆ ಎರಡು ಲಕ್ಷದ ವಿಮೆ, ಕೆಲಸಗಾರನಿಗೆ ಮಾತ್ರ. ಎರಡನೆಯದು 1,40,000: ಮೂರು ಲಕ್ಷದ ವಿಮೆ, ಗಂಡ ಹೆಂಡತಿ ಇಬ್ಬರು ಮಕ್ಕಳಿಗೆ ಒಟ್ಟಾಗಿ. ಮೂರನೆಯದು 3,10,000: ತಂದೆತಾಯಿಗಳೂ ಸೇರಿ. ವಯಸ್ಸಾದವರು ಸೇರಿದೊಡನೆ ದರ ಏರುವುದನ್ನು ನೋಡಿ, ನನಗೆ ಮನೆಯ ಜಗಲಿಯ ಮೇಲೆ ಕೂತು ಎಲೆ ಅಡಿಕೆ ಕುಟ್ಟುವ ಅಜ್ಜಿಯ ನೆನಪಾಯಿತು.

ನಾನು ಕಥೆಗಳಲ್ಲಿ ಓದಿದ್ದ ಮಾಲೀಕರು ಸಾಮಾನ್ಯವಾಗಿ ದುಷ್ಟರು. ಈ ಯಜಮಾನರು ಹಾಗಿರಲಿಲ್ಲ. ಧಾರಾಳಿಗಳೂ ಆಗಿರಲಿಲ್ಲ. ಬ್ಯಾಂಕಿನ ಸಾಲ, ಕಾಗದದ ಬೆಲೆ, ತಡವಾಗಿ ಬರುವ ಬಾಕಿ, ಇವುಗಳ ನಡುವೆ ಉಸಿರಾಡುವ ಮನುಷ್ಯ. 2020ರ ಏಪ್ರಿಲ್ ತಿಂಗಳಲ್ಲಿ, ಕೊರೋನಾ ಕಾಲದ ಲಾಕ್‌ಡೌನಿನ ನಡುವೆ, ಕೆಲಸ ಆರಂಭಿಸುವವರು ಕೆಲಸಗಾರರಿಗೆ ವೈದ್ಯಕೀಯ ವಿಮೆ ಮಾಡಿಸಲೇಬೇಕೆಂದು ಕೇಂದ್ರ ಗೃಹ ಇಲಾಖೆ ಮಾರ್ಗಸೂಚಿ ಹೊರಡಿಸಿತ್ತು. ಆಗ ಅವಸರದಲ್ಲಿ ಅತಿ ಅಗ್ಗದ್ದೊಂದನ್ನು ಕೊಂಡು ಆಮೇಲೆ ಕೈಬಿಟ್ಟಿದ್ದರಂತೆ. “ಆಗ ಸರ್ಟಿಫಿಕೇಟಿಗೆ ತಗೊಂಡೆ. ಈಗ ಕಾಯಿಲೆಗೆ ತಗೊಳ್ಳೋಣ ಅಂತ,” ಎಂದರು. ಆ ಒಂದು ಮಾತಿನಲ್ಲಿ ನನಗೆ ಅವರ ಮೇಲೆ ಗೌರವ ಹುಟ್ಟಿತು.

“ಏನಯ್ಯಾ, ನೀನು ಬಿ.ಎ. ಓದೋನು. ನೀನು ಹೇಳು ನೋಡೋಣ,” ಎಂದು ನನ್ನ ಕಡೆ ತಿರುಗಿದರು.

ನಾನು ಧೈರ್ಯ ಮಾಡಿ, ಹಣದ ಮೊತ್ತ ದೊಡ್ಡದಿರುವುದೇ ಒಳ್ಳೆಯದೆಂದೆ. ಲೆಕ್ಕದ ಮೇಷ್ಟ್ರು ನಕ್ಕರು. ಮೊತ್ತವನ್ನು ನೋಡಬೇಡ, ಅದರ ಕೆಳಗಿನ ಸಣ್ಣ ಅಕ್ಷರಗಳನ್ನು ನೋಡು ಎಂದು, ಕಾಗದದ ಅಂಚಿನಲ್ಲಿ ಬರೆದು ತೋರಿಸಿದರು. ಕೊಠಡಿ ಬಾಡಿಗೆ ವಿಮೆಯ ಮೊತ್ತದ ನೂರಕ್ಕೆ ಒಂದು ಭಾಗವನ್ನು ಮೀರಕೂಡದೆಂದು ಷರತ್ತಿದ್ದರೆ, ಎರಡು ಲಕ್ಷಕ್ಕೆ ದಿನಕ್ಕೆ ಎರಡು ಸಾವಿರ ಮಾತ್ರ. ರೋಗಿ ತಿಳಿಯದೆ ನಾಲ್ಕು ಸಾವಿರದ ಕೊಠಡಿಯಲ್ಲಿ ಮಲಗಿದನೆನ್ನಿ. ಆಗ ಬಾಡಿಗೆಯ ವ್ಯತ್ಯಾಸವನ್ನಷ್ಟೇ ಕಟ್ಟಿದರೆ ಮುಗಿಯುವುದಿಲ್ಲ. ವೈದ್ಯರ ಶುಲ್ಕ, ಶಸ್ತ್ರಕ್ರಿಯೆಯ ಕೊಠಡಿಯ ಶುಲ್ಕ ಮುಂತಾದವನ್ನೂ ಅದೇ ಪ್ರಮಾಣದಲ್ಲಿ ಅರ್ಧಕ್ಕೆ ಕತ್ತರಿಸಬಹುದು. ಇನ್ನು ಸಹಪಾವತಿ ಎಂಬುದೊಂದಿದೆ. ನೂರಕ್ಕೆ ಇಪ್ಪತ್ತು ಎಂದು ಬರೆದಿದ್ದರೆ ಪ್ರತಿ ಬಿಲ್ಲಿನಲ್ಲೂ ಐದನೆಯ ಒಂದು ಪಾಲು ರೋಗಿಯದೇ. ಎಲ್ಲಕ್ಕಿಂತ ಮುಖ್ಯವಾದದ್ದು ಹಳೆಯ ಕಾಯಿಲೆಯ ಷರತ್ತು. ಒಬ್ಬನೇ ಹೋಗಿ ವಿಮೆ ಕೊಂಡರೆ ಹಿಂದಿನಿಂದ ಇರುವ ಕಾಯಿಲೆಗೆ ಕೆಲವು ವರ್ಷ ಕಾಯಿಸುತ್ತಾರೆ. ಗುಂಪಾಗಿ ಕೊಂಡರೆ ಆ ಕಾಯುವಿಕೆಯನ್ನು ಮೊದಲ ದಿನದಿಂದಲೇ ಬಿಡಿಸಿಕೊಳ್ಳಲು ಸಾಧ್ಯ. ಅದಕ್ಕೆ ಸ್ವಲ್ಪ ಹೆಚ್ಚು ಹಣ ಕೇಳುತ್ತಾರೆ. ಆ ಸ್ವಲ್ಪ ಹೆಚ್ಚನ್ನು ಕೊಡುವುದೋ ಬಿಡುವುದೋ ಎಂಬುದು ಯಜಮಾನರ ಕೈಯಲ್ಲಿದೆ. ಕಾಯಿಲೆ ಮಾತ್ರ ಅವರದಲ್ಲ.

ಅಷ್ಟರಲ್ಲಿ ಏಜೆಂಟರು ದನಿ ತಗ್ಗಿಸಿ, “ನಿಮ್ಮಲ್ಲಿ ದೊಡ್ಡ ಕಾಯಿಲೆಯವರು ಯಾರಾದರೂ ಇದ್ದಾರಾ ಸಾರ್?” ಎಂದು ಕೇಳಿದರು. ಒಂದು ವರ್ಷ ಹೆಚ್ಚು ಹಣ ಬಿಲ್ಲುಗಳಿಗೆ ಹೋದರೆ ಮುಂದಿನ ವರ್ಷ ಇಡೀ ಗುಂಪಿನ ದರ ಏರುತ್ತದೆ. ಅದು ಆ ಪ್ರಶ್ನೆಯ ಒಳಗುಟ್ಟು. ಕೋಣೆಯಲ್ಲಿ ಎಲ್ಲರಿಗೂ ಒಬ್ಬನೇ ನೆನಪಾದ.

ಆತ ಮುದ್ರಣಯಂತ್ರ ನಡೆಸುವವನು. ಅವನ ಹೆಂಡತಿಗೆ ಮೂತ್ರಪಿಂಡದ ಕಾಯಿಲೆ. ವಾರಕ್ಕೆ ಎರಡು ಸಲ ಡಯಾಲಿಸಿಸ್. ಅದೆಲ್ಲ ಇ.ಎಸ್.ಐ. ಲೆಕ್ಕದಲ್ಲಿ ನಡೆಯುತ್ತಿತ್ತು. ಅವನ ಸಂಬಳ 20,600. ಆ ವರ್ಷ ಎಂಟು ನೂರು ಏರಿ 21,400 ಆಗಬೇಕಾಗಿತ್ತು. ಎರಡು ದಿನದ ಹಿಂದಷ್ಟೇ ಅವನು ಕಚೇರಿಗೆ ಬಂದು ಕೈಕಟ್ಟಿ ನಿಂತು, “ಸಾರ್, ಈ ಸಲ ನನಗೆ ಸಂಬಳ ಜಾಸ್ತಿ ಮಾಡಬೇಡಿ,” ಎಂದಿದ್ದ. ಸಂಬಳ ಹೆಚ್ಚಿಸಿರೆಂದು ಕೇಳುವವರನ್ನು ನೋಡಿದ್ದೇನೆ. ಬೇಡವೆಂದು ಬೇಡಿಕೊಳ್ಳುವವನನ್ನು ನಾನು ಕಂಡದ್ದು ಅದೇ ಮೊದಲು. ಎಂಟು ನೂರು ರೂಪಾಯಿ ಅವನ ಹೆಂಡತಿಯ ಪ್ರಾಣಕ್ಕೆ ಸಂಚಕಾರವಾಗಿ ಬಂದಿತ್ತು.

ಲೆಕ್ಕದ ಮೇಷ್ಟ್ರು ಆ ದಿನ ಎರಡು ಕೆಲಸ ಮಾಡಿದರು. ಏಜೆಂಟರಿಗೆ ನಿಜವನ್ನೇ ಹೇಳಿದರು. ಮುಚ್ಚಿಟ್ಟು ಕೊಂಡ ವಿಮೆ ಬೇಕಾದ ದಿನ ಕೈಕೊಡುತ್ತದೆಂಬುದು ಅವರ ಅನುಭವ. ಆಮೇಲೆ ಯಜಮಾನರಿಗೆ, ಸಂಬಳದ ಏರಿಕೆಯನ್ನು ಏಪ್ರಿಲ್ ಒಂದರಿಂದ ಕೊಡದೆ ಮೇ ಒಂದರಿಂದ ಕೊಡಿರೆಂದು ಸಲಹೆ ಮಾಡಿದರು. ಇ.ಎಸ್.ಐ. ವಂತಿಗೆಯ ಅವಧಿ ಏಪ್ರಿಲಿನಿಂದ ಸೆಪ್ಟೆಂಬರಿನವರೆಗೆ. ಅವಧಿ ಆರಂಭವಾದ ಮೇಲೆ ಸಂಬಳ ಗಡಿ ದಾಟಿದರೆ, ಆ ಅವಧಿ ಮುಗಿಯುವವರೆಗೆ ಅವನು ಒಳಗೇ ಇರುತ್ತಾನೆ. ಆ ವಂತಿಗೆಯ ಫಲ ಮುಂದಿನ ವರ್ಷದ ಜೂನ್ ಕೊನೆಯವರೆಗೂ ಸಲ್ಲುತ್ತದೆ. ಅಕ್ಟೋಬರಿನಲ್ಲಿ ಅವನ ಹೆಸರನ್ನು ಗುಂಪು ವಿಮೆಗೆ ಸೇರಿಸಿದರಾಯಿತು. ಹಳೆಯ ಕಾಯಿಲೆಯ ಷರತ್ತನ್ನು ಮಾತ್ರ ಹಣ ಕೊಟ್ಟಾದರೂ ತೆಗೆಸಿಬಿಡಬೇಕು. ಯಜಮಾನರು ಸ್ವಲ್ಪ ಹೊತ್ತು ಕಿಟಕಿಯಾಚೆ ನೋಡಿ, ಎರಡನೆಯ ದರಪಟ್ಟಿಗೆ ಒಪ್ಪಿದರು, ಆ ಷರತ್ತು ತೆಗೆಸುವ ಹೆಚ್ಚಿನ ಹಣ ಸಹಿತ. ತಂದೆತಾಯಿಗಳನ್ನು ಸೇರಿಸುವುದಾದರೆ ಆ ಹಣವನ್ನು ಕೆಲಸಗಾರರೇ ಕಟ್ಟಿಕೊಳ್ಳಲಿ ಎಂದರು. ಹನ್ನೆರಡರಲ್ಲಿ ಮೂವರು ಮಾತ್ರ ಕಟ್ಟಿದರು. ಒಂದು ತಿಂಗಳನ್ನು ಆಚೀಚೆ ಮಾಡಿ ಒಂದು ಜೀವವನ್ನು ಇಷ್ಟು ಕಾಲ ಕಾಪಾಡಬಹುದೆಂದು ನನಗೆ ಯಾವ ಪಠ್ಯಪುಸ್ತಕವೂ ಹೇಳಿರಲಿಲ್ಲ.

ಇಲ್ಲಿಗೆ ನಿಲ್ಲಿಸಿದ್ದರೆ ನಾನು ಒಳ್ಳೆಯವನಾಗಿಯೇ ಉಳಿಯುತ್ತಿದ್ದೆ. ಆದರೆ ಪಟ್ಟಿಯ ಕಥೆ ಇನ್ನೂ ಉಳಿದಿದೆ.

ಆ ಕಾರ್ಖಾನೆಯಲ್ಲಿ ಮೂವರು ಹೆಂಗಸರು ಕಸ ಗುಡಿಸಿ, ರಟ್ಟಿನ ಚೂರು ಆಯ್ದು, ಎಲ್ಲರಿಗೂ ಟೀ ಕೊಡುತ್ತಿದ್ದರು. ಅವರನ್ನು ಒಬ್ಬ ಕಂಟ್ರಾಕ್ಟುದಾರ ಕಳಿಸುತ್ತಿದ್ದ. ಅವರ ಹೆಸರು ಹಾಜರಿ ಪುಸ್ತಕದಲ್ಲಿರಲಿಲ್ಲ, ಕಂಟ್ರಾಕ್ಟುದಾರನ ಚೀಟಿಯಲ್ಲಿತ್ತು. ಅವರಲ್ಲಿ ಹಿರಿಯಳಾದ ಒಬ್ಬಾಕೆ ನನಗೆ ದಿನವೂ ಅರ್ಧ ಲೋಟ ಟೀ ಹೆಚ್ಚಿಗೆ ಕೊಟ್ಟು, “ಓದೋ ಹುಡುಗ, ಕುಡಿ ಮಗ,” ಎನ್ನುತ್ತಿದ್ದಳು. ನಾನು ಪಟ್ಟಿ ಮಾಡುತ್ತಿರುವ ಸುದ್ದಿ ಅವಳಿಗೂ ತಲುಪಿತ್ತು. ಒಂದು ದಿನ ಲೋಟ ಇಟ್ಟು, ಮೊಣಕಾಲು ಹಿಡಿದುಕೊಂಡು ನಿಂತು ಕೇಳಿದಳು:

“ನನ್ ಹೆಸ್ರೂ ಬರ್ಕಂಡ್ಯಾ ಮಗ?”

ನಾನು ಮುಖವೆತ್ತದೆ, “ನಿಮ್ಮದು ಕಂಟ್ರಾಕ್ಟು ಅಲ್ವಾ ಅಮ್ಮ. ಇದರಲ್ಲಿ ಬರೋದಿಲ್ಲ,” ಎಂದೆ.

“ಹಂಗಾ,” ಎಂದು ಖಾಲಿ ಲೋಟಗಳನ್ನೆತ್ತಿಕೊಂಡು ಹೋದಳು. ಅವಳು ವಾದ ಮಾಡಲಿಲ್ಲ. ನಾನು ಓದಿದ ಹುಡುಗ. ನಾನು ಹೇಳಿದ್ದು ಸರಿಯಾಗಿಯೇ ಇರಬೇಕೆಂದು ಅವಳ ನಂಬಿಕೆ.

ಸಂಜೆ ಬಸ್ಸಿನಲ್ಲಿ ಕೂತಾಗ ನನಗೆ ಆ ಉಡುಪಿನ ಕಾರ್ಖಾನೆಯ ಗುಮಾಸ್ತರ ಬಗ್ಗಿದ ತಲೆ ಕಣ್ಣಮುಂದೆ ಬಂದಿತು. ಅವರೂ ಹೀಗೆಯೇ ಮುಖವೆತ್ತದೆ ಉತ್ತರ ಹೇಳಿದ್ದರು. ಅವರಿಗೂ ಮುಂದೆ ರಾಶಿ ಕಾಗದವಿತ್ತು. ಅವರಿಗೂ ಯಾರೋ ಇಷ್ಟು ಬರೆ ಎಂದಿದ್ದರು. ಬರೆಯದೆ ಬಿಟ್ಟದ್ದರ ನೋವು ಅವರಿಗೆ ತಾಕುವಂತಿರಲಿಲ್ಲ. ಎರಡು ವರ್ಷ ನಾನು ಯಾರನ್ನು ಬಯ್ದಿದ್ದೆನೋ, ಎರಡು ತಿಂಗಳ ಕೆಲಸದಲ್ಲಿ ನಾನು ಅವನೇ ಆಗಿದ್ದೆ. ಮನೆಗೆ ಬಂದು ಅವ್ವನಿಗೆ ಹೇಳಲು ನಾಚಿಕೆಯಾಯಿತು. ಊಟ ಸೇರಲಿಲ್ಲ.

ಮಾರನೆಯ ದಿನ ಲೆಕ್ಕದ ಮೇಷ್ಟ್ರನ್ನು ಕೇಳಿದೆ. ಅವರು ಕನ್ನಡಕ ತೆಗೆದು ಒರೆಸುತ್ತ, “ಬರುತ್ತೆ ಕಣಯ್ಯಾ,” ಎಂದರು. 1948ರ ಆ ಕಾಯಿದೆಯಲ್ಲಿಯೇ ಕಂಟ್ರಾಕ್ಟಿನ ಕೆಲಸಗಾರರ ವಂತಿಗೆಯನ್ನೂ ಮೊದಲು ಕಟ್ಟಬೇಕಾದವನು ಮುಖ್ಯ ಮಾಲೀಕನೆಂದೂ, ಆಮೇಲೆ ಅದನ್ನು ಕಂಟ್ರಾಕ್ಟುದಾರನ ಹಣದಲ್ಲಿ ಮುರಿದುಕೊಳ್ಳಬಹುದೆಂದೂ ಇತ್ತು. “ಗೊತ್ತಿತ್ತು. ಯಾರೂ ಕೇಳಲಿಲ್ಲ, ನಾನೂ ಹೇಳಲಿಲ್ಲ,” ಎಂದರು. ಅವ್ವನ ಮಾತೇ ಅವರ ಬಾಯಲ್ಲಿ ಬಂದದ್ದು ಕೇಳಿ ನಾನು ಬೆಚ್ಚಿದೆ. ಅಷ್ಟು ಒಳ್ಳೆಯ ಮನುಷ್ಯನ ಕಣ್ಣಿಗೂ ಆ ಮೂವರು ಬಿದ್ದಿರಲಿಲ್ಲ. ಪುಸ್ತಕದಲ್ಲಿ ಹೆಸರಿಲ್ಲದವರು ಒಳ್ಳೆಯವರಿಗೂ ಕಾಣುವುದಿಲ್ಲ.

ಯಜಮಾನರ ಮುಂದೆ ನಾವಿಬ್ಬರೂ ನಿಂತೆವು. “ನಿನ್ನನ್ನ ಯಾರು ಕೇಳಿದ್ರಯ್ಯಾ?” ಎಂದು ಮೊದಲು ಗದರಿದರು. ನಾನು ಉತ್ತರ ಕೊಡದೆ ಲೆಕ್ಕದ ಹಾಳೆಯನ್ನು ಮುಂದಿಟ್ಟೆ. ತಲೆಗೆ 11,000 ರೂಪಾಯಿ ಕೂಲಿ. ಮಾಲೀಕರ ಪಾಲು ತಲೆಗೆ 357 ರೂಪಾಯಿ 50 ಪೈಸೆ. ಮೂವರಿಗೆ 1,072 ರೂಪಾಯಿ 50 ಪೈಸೆ. ಅವರು ಆ ಮೊತ್ತವನ್ನೇ ನೋಡುತ್ತ ಕೂತರು. “ಇಷ್ಟೇನಾ?” ಎಂದರು. ಬಂದವರಿಗೆ ತರಿಸುವ ಬಿಸ್ಕತ್ತಿನ ಲೆಕ್ಕ ಅದಕ್ಕಿಂತ ಹೆಚ್ಚಿತ್ತೆಂಬುದು ನಮ್ಮ ಮೂವರಿಗೂ ಗೊತ್ತಿತ್ತು. ಕಂಟ್ರಾಕ್ಟುದಾರನಿಗೆ ಫೋನು ಹೋಯಿತು. ಅವನು ತಕರಾರು ತೆಗೆದ, ಕೊನೆಗೆ ಒಪ್ಪಿದ. ಇದೆಲ್ಲ ಆಗಿ ಹೆಸರು ಬರೆಯುವ ದಿನ ಬರುವಷ್ಟರಲ್ಲಿ ಮೂರು ವಾರ ಕಳೆದಿತ್ತು.

ಇಬ್ಬರು ಬಂದು ಹೆಸರು ಬರೆಸಿದರು. ಹಿರಿಯಾಕೆ ಬರಲಿಲ್ಲ. ಮೊಣಕಾಲು ನೋವು ಹೆಚ್ಚಾಗಿ ಮೆಟ್ಟಿಲು ಹತ್ತಲಾಗದೆ ಆ ವಾರವೇ ಕೆಲಸ ಬಿಟ್ಟಿದ್ದಳಂತೆ. ಕೆಲಸ ಬಿಟ್ಟವಳನ್ನು ಪಟ್ಟಿಗೆ ಸೇರಿಸುವ ದಾರಿಯಿರಲಿಲ್ಲ. ನಾನು ವಿಳಾಸ ಕೇಳಿಕೊಂಡು ಅವಳ ಮನೆಗೆ ಹೋಗಿದ್ದೆ. ತಾಲ್ಲೂಕು ಆಸ್ಪತ್ರೆಗೆ ಕರೆದೊಯ್ಯಲೇ ಎಂದು ಕೇಳಿದೆ. ಅವಳು ಅದನ್ನು ಬಿಟ್ಟು, ಪರೀಕ್ಷೆ ಯಾವಾಗ ಎಂದು ವಿಚಾರಿಸಿ, ಟೀ ಕಾಸಿಕೊಟ್ಟಳು. ಆ ದಿನವೂ ಲೋಟ ತುಂಬ.

ಕೆಲಸ ಮುಗಿದು ಬಂದ ಮೇಲೆ ನಾನು ಮಾಡಿದ ಮೊದಲನೆಯ ಕೆಲಸ ಅವ್ವನ ಕಾಗದಕ್ಕೆ ಅಪ್ಪನ ಹೆಸರು, ನನ್ನ ಹೆಸರು ಸೇರಿಸಿದ್ದು. ಓದುತ್ತಿರುವ ಮಗನಿಗೆ ಇಪ್ಪತ್ತೊಂದು ತುಂಬುವವರೆಗೆ ಮಾತ್ರ ಅಲ್ಲಿ ಜಾಗ. ಹೀಗಾಗಿ ನಾನು ಅಲ್ಲಿ ಸ್ವಲ್ಪ ಕಾಲದ ಅತಿಥಿ. ಅಜ್ಜಿಯನ್ನು ಸೇರಿಸಲು ಆಗ ಸಾಧ್ಯವಾಗಲಿಲ್ಲ. ಅವ್ವನ ಸ್ವಂತ ತಂದೆತಾಯಿಗಳಾಗಿದ್ದರೆ ಆಗುತ್ತಿತ್ತು. ಅತ್ತೆ ಕಾಯಿದೆಯ ಕಣ್ಣಿಗೆ ಕುಟುಂಬವಾಗಿರಲಿಲ್ಲ. ಇಪ್ಪತ್ತಾರು ವರ್ಷ ಒಂದೇ ಒಲೆಯಲ್ಲಿ ಬೆಂದ ಅತ್ತೆ ಸೊಸೆಯರು ಇದನ್ನು ಕೇಳಿ ನಕ್ಕರು. 2020ರ ಸಾಮಾಜಿಕ ಭದ್ರತಾ ಸಂಹಿತೆ 2025ರ ನವೆಂಬರ್ 21ರಿಂದ ಜಾರಿಗೆ ಬಂದಿದೆ. ಕೆಲಸ ಮಾಡುವ ಹೆಂಗಸಿನ ಕುಟುಂಬವೆಂಬ ಮಾತಿನ ಅರ್ಥದಲ್ಲಿ, ಅವಳನ್ನು ಅವಲಂಬಿಸಿದ್ದು ವರಮಾನ ಗೊತ್ತಾದ ಮಿತಿಯೊಳಗಿರುವ ಅತ್ತೆ ಮಾವಂದಿರನ್ನೂ ಅದರಲ್ಲಿ ಸೇರಿಸಿದ್ದಾರೆ. ಸುದ್ದಿ ಹೇಳಿದಾಗ ಅಜ್ಜಿ, “ಈಗ ಗೊತ್ತಾಯ್ತಾ ಅವ್ರಿಗೆ, ನಾನು ನಿಮ್ಮನೇವ್ಳು ಅಂತ?” ಎಂದಳು. ನಾನು ಆಗಲೇ ಅರ್ಜಿ ಬರೆದಿಟ್ಟಿದ್ದೇನೆ. ಅದನ್ನು ತೆಗೆದುಕೊಳ್ಳುವ ಗುಮಾಸ್ತರು ಈ ಸಲ ಮುಖವೆತ್ತಿ ನೋಡಲಿ ಎಂಬುದಷ್ಟೇ ಪ್ರಾರ್ಥನೆ.

ಮಾಲೀಕರು ಕೊಡುವ ಪಾಲೂ ಕಟ್ಟಕಡೆಗೆ ದುಡಿಮೆಯಿಂದ ಹುಟ್ಟಿದ ಹಣವೇ, ಅದು ಕೂಲಿಯ ಇನ್ನೊಂದು ರೂಪ ಎಂದು ನಮ್ಮ ಅರ್ಥಶಾಸ್ತ್ರದ ಅಧ್ಯಾಪಕರು ತರಗತಿಯಲ್ಲಿ ಹೇಳಿದ್ದುಂಟು. ಅದು ನಿಜವಾದರೆ, ತನ್ನ ಹಣದಲ್ಲಿ ತನಗಾಗಿ ಕೊಂಡ ವಸ್ತುವನ್ನು ತಾನು ಆರಿಸದೆ, ಬಹುಮಟ್ಟಿಗೆ ತಿಳಿಯದೆಯೂ ಇರುವ ಗಿರಾಕಿ ಕೆಲಸಗಾರನೊಬ್ಬನೇ ಇರಬೇಕು. ಆರಿಸುವವರು ಯಜಮಾನರು, ಬರೆಯುವವರು ಗುಮಾಸ್ತರು. ಮಲಗುವವರು ಮಾತ್ರ ಬೇರೆ.

ಸಹೋದರ ಸಹೋದರಿಯರೇ, ಈ ವರ್ಷ ನಮ್ಮ ಕಾಲೇಜಿನಿಂದ ಹೊರಹೋಗುವ ನಮ್ಮಲ್ಲಿ ಯಜಮಾನರಾಗುವವರು ಎಷ್ಟು ಮಂದಿಯೋ ಅರಿಯೆ. ಅನೇಕರು ಯಾವುದಾದರೊಂದು ಮೇಜಿನ ಹಿಂದೆ ಕೂತು ಯಾರದಾದರೂ ಪಟ್ಟಿ ಬರೆಯುವವರಾಗುತ್ತೇವೆ. ಕಲಾ ಪದವೀಧರರಿಗೆ ಸುಲಭವಾಗಿ ಸಿಕ್ಕುವ ಕೆಲಸ ಅದೇ. ಆ ಕೆಲಸವನ್ನು ಕೀಳೆಂದು ನಾನೀಗ ಎಣಿಸುವುದಿಲ್ಲ. ನಮ್ಮ ಮುಂದೆ ಬಂದು ನಿಲ್ಲುವವರು ನಮ್ಮ ಅವ್ವಂದಿರಂತೆಯೇ ಕೇಳದ ಹೊರತು ಹೇಳದವರು. ಆದುದರಿಂದ ಕಾಲಂ ತುಂಬುವ ಮುಂಚೆ ತಲೆಯೆತ್ತಿ, “ನಿಮ್ಮ ಮನೆಯಲ್ಲಿ ಇನ್ನೂ ಯಾರಿದ್ದಾರೆ?” ಎಂದು ಒಂದು ಮಾತು ಕೇಳೋಣ. ಪಟ್ಟಿ ಮುಗಿದ ಮೇಲೆ ಟೀ ಲೋಟ ತಂದಿಟ್ಟ ಕೈ ಯಾರದೆಂದೂ ಒಮ್ಮೆ ನೋಡೋಣ. ನಾನು ಮೂರು ವಾರ ತಡವಾಗಿ ನೋಡಿದೆ.